ಆವಿಗೆಯ ಬಾಯಿ

ಸತ್ತವನ ತಲೆ ನೀಟಾಗಿ ಬಾಚಿತ್ತು.

ಮಡಕೆ ಮಾಡುವ ಯಜಮಾನ ನಡುಮನೆಯ ಕುರ್ಚಿಯಲ್ಲಿ ಕುಳಿತಿದ್ದ. ಎರಡೂ ಕೈ ತೊಡೆಯ ಮೇಲೆ. ಅಂಗಿಯ ಎದೆಭಾಗ ಒದ್ದೆ. ಹಿಂದಲೆ ಒಡೆದಿತ್ತು, ಆದರೆ ಕುರ್ಚಿಯ ಹತ್ತಿರ ರಕ್ತವಿರಲಿಲ್ಲ. ಅದಿದ್ದದ್ದು ಹೊಸ್ತಿಲ ಕಲ್ಲಿನ ಅಂಚಿನಲ್ಲಿ. ಬೆಳಗ್ಗೆ ಎದ್ದು ಬಂದ ಹೆಂಡತಿ ಮೊದಲು ಅವನನ್ನು ಮಾತಾಡಿಸಿದ್ದಳು. ಉತ್ತರ ಬರದಿದ್ದಾಗ, ಇನ್ನೂ ಸಿಟ್ಟು ಇಳಿದಿಲ್ಲವೆಂದುಕೊಂಡು ಅಡುಗೆಮನೆಗೆ ಹೋಗಿದ್ದಳಂತೆ.

"ಸಿಟ್ಟು ಯಾಕೆ?" ಇನ್‌ಸ್ಪೆಕ್ಟರ್ ಕೇಳಿದರು.

"ರಾತ್ರಿ ಜಗಳ ಆಡಿದ್ವಿ. ಮಡಕೆ ಬೇಯಿಸೋಕೆ ಕರೆಂಟಿನ ಗೂಡು ತರಿಸ್ತೀನಿ, ಸೌದೆ ಆವಿಗೆ ಕೆಡವಿಸ್ತೀನಿ ಅಂದ್ರು. ನಾನು ಬೇಡ ಅಂದೆ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಮಲಗಿಬಿಟ್ಟೆ."

ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಮುಖ ತೂರಿಸಿದಳು. "ಬರೀ ಬೇಡ ಅನ್ಲಿಲ್ಲ ಸಾರ್. ಆವಿಗೆ ಕೆಡವೋಕೆ ಮುಂಚೆ ನೀವೇ ಸತ್ತುಹೋಗಿ ಅಂದ್ಲು. ಬೀದಿಗೆಲ್ಲ ಕೇಳಿಸ್ತು."

ಇನ್‌ಸ್ಪೆಕ್ಟರ್ ಹೆಂಡತಿಯ ಕಡೆ ತಿರುಗಿದರು. "ಅಂದೆಯೇನಮ್ಮ?"

"ಅಂದೆ."

ಠಾಣೆಯವರು ಬೆನ್ನ ಹಿಂದೆ ಈ ಇನ್‌ಸ್ಪೆಕ್ಟರನ್ನು ಅವಸರಪ್ಪ ಎನ್ನುತ್ತಿದ್ದರು. ಸುಮ್ಮನೆ ಅನ್ನುತ್ತಿರಲಿಲ್ಲ. ಆಕೆ ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಜೀಪು ಬಾಗಿಲಿಗೆ ಬಂದಿತ್ತು. ಬೀದಿಯವರೆಲ್ಲ ಕೆಲಸ ಬಿಟ್ಟು ಹೊರಗೆ ನಿಂತರು. ಶಾಲೆಯ ಸಮವಸ್ತ್ರದಲ್ಲೇ ಇದ್ದ ಮಗಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಅಮ್ಮನನ್ನು ಎಲ್ಲಿಗೆ ಕರೆದೊಯ್ಯುತ್ತಾರೆಂದು ಅವಳಿಗೆ ಯಾರೂ ಹೇಳಲಿಲ್ಲ.

* * *

ಆದರೂ ಆ ಬಾಚಿದ ತಲೆ ಇನ್‌ಸ್ಪೆಕ್ಟರನ್ನು ಬಿಡಲಿಲ್ಲ.

"ಕೊಂದವಳು ಗಂಡನ ತಲೆ ಬಾಚ್ತಾಳೇನ್ರೀ?"

"ಪ್ರೀತಿ ಇದ್ರೆ ಬಾಚಬಹುದು ಸಾರ್," ಎಂದ ಪೇದೆ. ಅವನಿಗೆ ಮದುವೆಯಾಗಿ ಬಹಳ ಕಾಲವಾಗಿತ್ತು.

ಸತ್ತವನ ತಮ್ಮನ ಹೇಳಿಕೆ ಬರೆದುಕೊಳ್ಳುವ ಶಾಸ್ತ್ರ ಮುಗಿಸಲು ಇಬ್ಬರೂ ಊರಂಚಿನ ಆವಿಗೆಗೆ ಹೋದರು. ಆಳೆತ್ತರದ ಇಟ್ಟಿಗೆ ಗೂಡು. ಮಡಕೆಗಳನ್ನು ಒಳಗೆ ಜೋಡಿಸಿ, ಬಾಯಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿತ್ತು. ತಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಅಣ್ಣ ಮಡಕೆ ಮಾಡಿದರೆ ಬೇಯಿಸುವವನು ಇವನು. ಹರೆಯದಿಂದಲೂ ಇದೊಂದೇ ಕೆಲಸ.

"ರಾತ್ರಿ ಎಲ್ಲಿದ್ದೆ?"

"ಇಲ್ಲೇ. ಉರಿ ಹಚ್ಚಿದ ಮೇಲೆ ಅಲ್ಲಾಡೋ ಹಾಗಿಲ್ಲ ಸಾರ್. ಬೆಳಗಿನ ತನಕ ಸೌದೆ ಹಾಕ್ತಾನೇ ಇರಬೇಕು."

ಪೇದೆ ಗೋಡೆ ಮುಟ್ಟಿ ನೋಡಿದ. "ಬೆಚ್ಚಗಿದೆ ಸಾರ್."

ಇನ್‌ಸ್ಪೆಕ್ಟರ್ ಬಗ್ಗಿ ಉರಿಗುಂಡಿಯೊಳಗೆ ಕೋಲು ಆಡಿಸಿದರು. ಒಂದು ಬುಟ್ಟಿಯಷ್ಟೂ ಬೂದಿಯಿರಲಿಲ್ಲ. ರಾತ್ರಿಯಿಡೀ ಉರಿ ತಿಂದ ಗೋಡೆ ಬರೀ ಬೆಚ್ಚಗಿದೆಯೇ?

"ಇದರ ಬಾಯಿ ತೆಗಿ."

ತಮ್ಮ ಥಟ್ಟನೆ ಎದ್ದು ಅಡ್ಡ ನಿಂತ. "ಬೇಡಿ ಸಾರ್! ಒಳಗೆ ಕೆಂಡದಂಗಿರುತ್ತೆ. ತಣ್ಣನೆ ಗಾಳಿ ಬಡಿದ್ರೆ ಒಂದೂ ಉಳಿಯಲ್ಲ. ನಮ್ಮಣ್ಣನ ಕೈಯಿಂದ ಆದ ಕೊನೇ ಹೂಜಿಗಳು. ಎರಡು ದಿನ ತಡೀರಿ, ನಾನೇ ತೆಗೆದುಕೊಡ್ತೀನಿ."

ಮಾತು ನ್ಯಾಯವಾಗಿತ್ತು. ಒಡೆದರೆ ಮತ್ತೆ ಮಾಡಿಕೊಡುವವನು ಬದುಕಿಲ್ಲ. ಅವಸರಪ್ಪನವರ ಕೈ ಆ ದಿನ ಮೊದಲ ಸಲ ಹಿಂಜರಿಯಿತು. ಅವರು ಪೇದೆಯನ್ನು ಠಾಣೆಗೆ ಓಡಿಸಿ, ಹೆಂಡತಿಯನ್ನು ಕರೆಸಿದರು.

* * *

ಆಕೆ ಜೀಪಿನಿಂದ ಇಳಿದಳು. ಇನ್‌ಸ್ಪೆಕ್ಟರ್ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು.

"ನನ್ನ ಅನುಮಾನ ತಪ್ಪಾದ್ರೆ ಎಲ್ಲಾ ಒಡೆದುಹೋಗುತ್ತೆ. ಈಗ ಅವು ನಿಮ್ಮವು. ನೀವು ಹೇಳಿ."

ಆಕೆ ಮಣ್ಣು ಮೆತ್ತಿದ ಬಾಯಿಯನ್ನೇ ನೋಡಿದಳು.

"ಒಡೆದ್ರೆ ಒಡೀಲಿ. ತೆಗೀರಿ."

"ಅತ್ತಿಗೆ, ಬೇಡ," ಎಂದ ಮೈದುನ.

ಪೇದೆ ಹಾರೆ ಹಾಕಿದ. ಇಟ್ಟಿಗೆಗಳು ಉದುರಿದವು. ಒಂದೂ ಒಡೆಯಲಿಲ್ಲ. ಹೊಗೆ ಹಿಡಿದು ಕಪ್ಪಾದ ಹೂಜಿಗಳು ಸಾಲಾಗಿ ನಿಂತಿದ್ದವು. ನೋಡಿದರೆ ಬೆಂದ ಹಾಗೇ ಇದ್ದವು.

ಇನ್‌ಸ್ಪೆಕ್ಟರ್ ಒಂದನ್ನು ಬರಿಗೈಯಲ್ಲಿ ಎತ್ತಿದರು. ನೀರಿನ ಬಕೆಟ್ಟಿಗೆ ಇಳಿಸಿದರು. ಗುಳ್ಳೆಗಳೆದ್ದವು. ತಳ ಮೆತ್ತಗಾಯಿತು. ಹೊಟ್ಟೆ ಕುಸಿಯಿತು. ನೋಡನೋಡುತ್ತಿದ್ದಂತೆ ಹೂಜಿ ಕೆಸರಾಗಿ ಬಕೆಟ್ಟಿನ ತಳ ಸೇರಿತು.

"ಬೆಂದ ಮಣ್ಣು ಇನ್ನು ಯಾವ ಕಾಲಕ್ಕೂ ಕೆಸರಾಗಲ್ಲ," ಎಂದರು ಇನ್‌ಸ್ಪೆಕ್ಟರ್. "ಇದು ಬೇಯಲೇ ಇಲ್ಲ. ನೀನು ಉರಿ ಹಚ್ಚಿದೆ, ಬಿಟ್ಟು ಹೋದೆ. ಬೆಂಕಿ ಆರಿಹೋಯ್ತು. ಬೆಳಗ್ಗೆ ಬಂದು ಹಸಿ ಸೌದೆ ಹಾಕಿ ಹೊಗೆ ಎಬ್ಬಿಸಿದೆ, ಗೋಡೆ ಬೆಚ್ಚಗಾಗ್ಲಿ ಅಂತ. ಎರಡು ದಿನ ಯಾರೂ ಬಾಯಿ ತೆಗಿಯಲ್ಲ, ಅಷ್ಟರಲ್ಲಿ ಮತ್ತೆ ಉರಿ ಹಾಕಿ ಬೇಯಿಸಿಬಿಟ್ರೆ ಆಯ್ತು ಅನ್ಕೊಂಡೆ. ಅಲ್ವಾ?"

ತಮ್ಮ ಬಕೆಟ್ಟಿನ ಕೆಸರಿಗೆ ಕೈ ಹಾಕಿದ.

"ಆವಿಗೆ ಕೆಡವಬೇಡ ಅಂತ ಬೇಡ್ಕೊಳ್ಳೋಕೆ ಹೋದೆ ಸಾರ್. ಇದೇ ಕೊನೇ ಉರಿ, ಇನ್ಮೇಲೆ ಗುಂಡಿ ಒತ್ತಿದ್ರೆ ಸಾಕು, ನೀನು ಬೇರೆ ಕೆಲಸ ನೋಡ್ಕೋ ಅಂದ ಅಣ್ಣ. ಈ ಆವಿಗೆ ಬಿದ್ರೆ ಮತ್ತೆ ಯಾರು ಕಟ್ತಾರೆ? ನಾನ್ಯಾರು ಆಗ? ತಳ್ಳಿದೆ. ಒಂದೇ ಸಲ ತಳ್ಳಿದ್ದು. ಹೊಸ್ತಿಲಿಗೆ ಬಿದ್ದ."

"ಆಮೇಲೆ?"

"ಎತ್ತಿ ಕುರ್ಚೀಲಿ ಕೂರಿಸಿದೆ. ಬಾಯಿಗೆ ನೀರು ಬಿಟ್ಟೆ, ಒಳಗೆ ಇಳೀಲಿಲ್ಲ. ತಲೆ ಬಾಚಿದೆ. ಮುಂಚಿನ ಹಾಗೇ ಮಾಡಿದ್ರೆ ಎದ್ದುಬಿಡ್ತಾನೆ ಅನ್ನಿಸ್ತು ಸಾರ್."

ಅತ್ತಿಗೆ ಅವನ ಹತ್ತಿರ ಬಂದಳು. "ನನ್ನ ಜೀಪಿಗೆ ಹತ್ತಿಸಿದ್ದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಆಕೆ ತಿರುಗಿ ಜೀಪಿನ ಕಡೆ ನಡೆದಳು.

* * *

ಇನ್‌ಸ್ಪೆಕ್ಟರ್ ತಾವೇ ಆಕೆಯನ್ನು ಮನೆಗೆ ಕರೆತಂದರು. ಬೀದಿಯ ನಡುವೆ ಜೀಪು ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು: "ಈಯಮ್ಮಂದು ಏನೂ ತಪ್ಪಿಲ್ಲ. ಕೊಂದವನು ಸಿಕ್ಕಿದ್ದಾನೆ."

ಜನ ತಲೆಯಾಡಿಸಿದರು. ಆದರೆ ಹತ್ತಿರ ಯಾರೂ ಬರಲಿಲ್ಲ. ಬೆಳಗ್ಗೆ ನಿಂತಷ್ಟೇ ದೂರದಲ್ಲಿ ನಿಂತು, ಬೆಳಗ್ಗೆ ನೋಡಿದ ಹಾಗೇ ನೋಡಿದರು. ಇನ್‌ಸ್ಪೆಕ್ಟರಿಗೆ ನಾಚಿಕೆಯಾಯಿತು.

ಮಗಳು ಪಕ್ಕದ ಮನೆಯಾಕೆಯ ಕೈ ಹಿಡಿದು ನಿಂತಿದ್ದಳು. ತಾಯಿ ಎರಡೂ ಕೈ ಚಾಚಿದಳು.

"ಬಾ ಮಗಳೇ. ನಾನಲ್ಲ ಕಣೇ."

ಹುಡುಗಿ ಅಮ್ಮನ ಮುಖ ನೋಡಲಿಲ್ಲ. ಇನ್‌ಸ್ಪೆಕ್ಟರ ಮುಖ ನೋಡಿದಳು.

"ನಿಜಾನಾ ಸಾರ್?"

"ನಿಜ ಪುಟ್ಟಿ. ನಾನೇ ಹೇಳ್ತಿದ್ದೀನಲ್ಲ."

"ಬೆಳಗ್ಗೆನೂ ನೀವೇ ಅಲ್ವಾ ಕರ್ಕೊಂಡು ಹೋಗಿದ್ದು?"

ತಾಯಿ ಕೈ ಚಾಚಿಕೊಂಡೇ ಇದ್ದಳು. ಹುಡುಗಿ ಪಕ್ಕದ ಮನೆಯಾಕೆಯ ಕೈ ಬಿಡಲಿಲ್ಲ.