ಕಾಲುವೆಗೆ ಬಿಟ್ಟ ಮಾರಿ

ಕಬ್ಬು ಕಡಿಯುವ ಮಚ್ಚು ನನ್ನ ಕತ್ತಿನ ಮೇಲಿತ್ತು.

"ಮೇಸ್ತ್ರಿ, ಇನ್ನೊಂದ್ ಹೆಜ್ಜೆ ಇಟ್ರೆ ನಿನ್ ತಲೆ ಕಾಲುವೆಗ್ ಬೀಳ್ತದೆ!"

ಮಂಚಯ್ಯ. ಕೊಳ್ಳೇಗಾಲದ ಕಡೆಯಿಂದ ಕಬ್ಬು ಕಡಿಯಲು ನಾನೇ ಲಾರಿ ಹತ್ತಿಸಿ ಚಿನಕುರಳಿಗೆ ತಂದಿದ್ದ ಆಳು. ತೊಂಬತ್ನಾಲ್ಕರ ಬೇಸಿಗೆ ಅದು. ಅವನ ಇನ್ನೊಂದು ಕೈಯಲ್ಲಿ ಬಿದಿರ ಮಂಕರಿ. ಅದರೊಳಗೆ ಬೇವು, ಅರಿಶಿನ, ಹಳೇ ಪೊರಕೆ... ವಾಂತಿಭೇದಿಯಲ್ಲಿ ನೆನೆದ ಸೀರೆಗಳು!

ಮೇಲಿನ ಕ್ಯಾಂಪಿನ ಸೋಗೆ ಗುಡಿಸಲುಗಳವರಲ್ಲಿ ಆಗಲೇ ಇಬ್ಬರು ಸತ್ತಿದ್ದರು. ಇವನ ಹೆಂಡತಿ ಬೀರಮ್ಮ ಮೂರನೆಯವಳಾಗುವ ಹಾಗಿದ್ದಳು. ಇಂಥ ಬೇನೆ ಬಂದರೆ ಇವನ ಕಡೆಯ ಜನ ಮಾರಿಯನ್ನು ಮಂಕರಿಯಲ್ಲಿ ಕೂರಿಸಿ ಹರಿಯುವ ನೀರಿಗೆ ಬಿಡುತ್ತಾರೆ. ಗಡಿ ದಾಟಿದಳೋ, ಮನೆ ಉಳಿಯಿತು.

ನೋಡಿ ಸ್ವಾಮಿ, ಆ ನೀರನ್ನೇ ಒಂದು ಮೈಲಿ ಕೆಳಗೆ ನನ್ನ ಇನ್ನೊಂದು ಗ್ಯಾಂಗು ಕುಡಿಯುತ್ತಿತ್ತು. ಅಲ್ಲಿ ಅಡುಗೆಗೆ ನಿಂತವಳು ನನ್ನ ಮಗಳು ಸುಮ.

ಬಸುರಿ.

"ಲೇ ಮಂಚ, ಕೆಳಗೆ ಜನ ಅವ್ರೆ ಕಣ್ಲಾ!"

"ಮಾರಿ ಅಲ್ಲಿ ನಿಲ್ಲಾಕಿಲ್ಲ, ಹೊಳೆ ಸೇರ್ತಾಳೆ. ನನ್ ಎಂಡ್ತಿ ಉಳೀಬೇಕು!"

"ಉಳೀಬೇಕಾದ್ರೆ ಆಸ್ಪತ್ರೆ ಡಾಕ್ಟರಮ್ಮನ ಜೀಪಿಗ್ ಹಾಕು ಕಣ್ಲಾ. ಗ್ಲೂಕೋಸ್ ಏರಿಸ್ತಾರೆ."

"ಜೀಪಿಗ್ ಹಾಕ್ದೋರು ವಾಪಸ್ ಬಂದವ್ರಾ?"

ಬಂದಿರಲಿಲ್ಲ. ಕಣ್ಣು ಮೇಲಾದ ಮೇಲೆ ಜೀಪು ಹತ್ತಿಸಿದರೆ ಯಾರು ಬರುತ್ತಾರೆ?

ಮಾತು ಸಾಕೆನಿಸಿತು. ಮೊಣಕೈಯಿಂದ ಪಕ್ಕೆಗೆ ಕೊಟ್ಟೆ! ಮಚ್ಚು ಜಾರಿ ನನ್ನ ಕಿವಿ ಸೀಳಿತು. ಇಬ್ಬರೂ ಏರಿಯ ಮೇಲೆ ಉರುಳಿದೆವು. ನನ್ನ ಕೈ ಮಂಕರಿಗೆ ತಾಗಿತು...

ದುಡುಂ!

ಮಂಕರಿ ನೀರಲ್ಲಿ ಒಂದು ಸುತ್ತು ತಿರುಗಿತು. ಸೀರೆಗಳು ಬಿಚ್ಚಿಕೊಂಡು ಹೊರಟವು.

ಮಂಚಯ್ಯ ಬಿದ್ದಲ್ಲೇ ಕೈ ಮುಗಿದ. "ವೋದ್ಲು ತಾಯಿ..."

ನಾನು ರಾಜದೂತ್ ಬೈಕಿನ ಕಿಕ್ ಒದ್ದೆ.

ಏರಿಯ ಮೇಲೆ ನಾನು, ನೀರಲ್ಲಿ ಒಂದು ಹಸಿರು ಸೀರೆ. ಅದು ಮುಂದೆ... ನಾನು ಮುಂದೆ... ಎದುರಿಗೆ ಕಬ್ಬಿನ ಟ್ರಾಕ್ಟರು! ಗದ್ದೆಗೆ ನುಗ್ಗಿಸಿದೆ. ಬಿದ್ದೆ. ಎದ್ದೆ. ಮತ್ತೆ ಒದ್ದೆ.

ಕೆಳಗಿನ ಕ್ಯಾಂಪಿನವರು ಆಗಷ್ಟೇ ಕೆಲಸ ಬಿಟ್ಟು ಬಂದು ಕಾಲುವೆ ಮೆಟ್ಟಿಲಲ್ಲಿ ಕೊಡ ಹಿಡಿದು ನಿಂತಿದ್ದರು. ಸುಮ ಮೊಣಕಾಲುದ್ದ ನೀರಿನಲ್ಲಿ.

"ಮುಟ್ಬ್ಯಾಡಿ! ನೀರಲ್ಲಿ ಕ್ರಿಮಿ ಐತೆ!"

ನಕ್ಕರು. ಡಾಕ್ಟರಮ್ಮ ನೀರಿಗೆ ಹಾಕಲು ಕೊಟ್ಟ ಮಾತ್ರೆಯನ್ನು ಗಬ್ಬುವಾಸನೆ ಎಂದು ತಿಪ್ಪೆಗೆ ಎಸೆದವರು ಇವರು.

"ನಮ್ ಕಣ್ಣಿಗ್ ಕಾಣ್ದಿದ್ದು ನಿಂಗೆಂಗ್ ಕಾಣ್ತು ಮೇಸ್ತ್ರಿ?" ಎಂದ ದ್ಯಾವಯ್ಯ, ಗ್ಯಾಂಗಿನ ಗಟ್ಟಿ ಆಳು. "ಹಗಲೊತ್ನಲ್ಲೇ ಏರಿಸ್ಬುಟ್ಯಾ?"

ಬೊಗಸೆ ತುಂಬಿ ಬಾಯಿಗೆ ಎತ್ತಿದ.

"ಮಾರಿ ಬುಟ್ಟವ್ರೆ ಕಣ್ರೋ! ಮೇಲಿಂದ ಮಾರಿ ಬರ್ತಾವ್ಳೆ!" ಎಂದು ಅರಚಿದೆ.

ಬೊಗಸೆ ಬಿಚ್ಚಿತು. ಕೊಡಗಳು ಉರುಳಿದವು. ಸುಮ ಹೊಟ್ಟೆ ಹಿಡಿದುಕೊಂಡು ದಡ ಹತ್ತಿದಳು. ಹಸಿರು ಸೀರೆ ತೇಲುತ್ತಾ ಬಂದು ಮೆಟ್ಟಿಲಿಗೆ ಸಿಕ್ಕಿಕೊಂಡಿತು.

ಎಲ್ಲರೂ ಮೆಟ್ಟಿಲು ಬಿಟ್ಟು ಹಿಂದಕ್ಕೆ ಸರಿದರು.

ಆಮೇಲೆ ದ್ಯಾವಯ್ಯ ಮಚ್ಚು ಎತ್ತಿಕೊಂಡ. ಅವನ ಹಿಂದೆ ಉಳಿದವರೂ.

"ಯಾವನ್ಲಾ ಬುಟ್ಟೋನು? ಎಸ್ರೇಳು!"

ಮೇಲಿನ ಕ್ಯಾಂಪಿನಲ್ಲಿ ಎದ್ದು ಓಡುವ ತ್ರಾಣ ಯಾರಿಗೂ ಇರಲಿಲ್ಲ. ಮಂಚಯ್ಯನ ಹೆಸರು ಹೇಳಿದ್ದರೆ ವಾಂತಿಭೇದಿಗೂ ಕೆಲಸ ಉಳಿಯುತ್ತಿರಲಿಲ್ಲ!

ಸುಮ ನನ್ನನ್ನೇ ನೋಡುತ್ತಿದ್ದಳು.

"ನಾನೇ ಕಣ್ಲಾ," ಎಂದೆ. "ನನ್ ಕೈ ತಾಗೇ ಬಿದ್ದಿದ್ದು."

ಮೊದಲ ಏಟು ದ್ಯಾವಯ್ಯನದು, ಮಚ್ಚಿನ ಹಿಂಬದಿಯಿಂದ. ಕಡೆಯದು ಯಾರದೋ ಗೊತ್ತಿಲ್ಲ.

ಬೀರಮ್ಮ ಉಳಿಯಲಿಲ್ಲ. ಮಾರಿ ಅವಳನ್ನು ಕರೆದುಕೊಂಡೇ ಗಡಿ ದಾಟಿದ್ದಳು.

ಕೆಳಗಿನ ಕ್ಯಾಂಪಿಗೆ ಮಾರನೇ ದಿನ ಟ್ಯಾಂಕರ್ ನೀರು ಬಂತು. ಅಲ್ಲಿಂದ ಆಸ್ಪತ್ರೆ ಸೇರಿದವನು ಒಬ್ಬನೇ... ಅದೂ ಮೂರು ಪಕ್ಕೆಲುಬು ಮುರಿದುಕೊಂಡು!