ನಾಲ್ಕನೆಯ ಇಳಿತ

ವಿಮಾನ ಹಾರಿಸಲು ಕಲಿಸುವ ಶಾಲೆಯ ಶೆಡ್ಡಿನ ಗೋಡೆಗೆ ನಲವತ್ತೊಂದು ಅಂಗಿ ತುಂಡುಗಳನ್ನು ಮೊಳೆ ಹೊಡೆದಿದ್ದರು. ಮೊದಲ ಸಲ ಒಬ್ಬರೇ ಹಾರಿ ಇಳಿದವರ ಅಂಗಿಯ ಬೆನ್ನನ್ನು ಮೇಷ್ಟ್ರು ಕತ್ತರಿಸಿ, ತಾರೀಕು ಬರೆದು ಅಲ್ಲಿ ಹಚ್ಚುವುದು ಪದ್ಧತಿ. ಮೆಕ್ಯಾನಿಕ್‌ನ ತುಂಡು ಅಲ್ಲಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವನೂ ಇಲ್ಲಿ ಹಾರಲು ಕಲಿಯುತ್ತಿದ್ದವನೇ. 'ಕೈ ನಡುಗುತ್ತದೆ, ತಕ್ಕವನಲ್ಲ' ಎಂದು ಮೇಷ್ಟ್ರು ಒಂದೇ ಸಾಲು ಬರೆದು ಮುಗಿಸಿದ್ದರು. ಅಂದಿನಿಂದ ಅವನು ಬೇರೆಯವರ ರೆಕ್ಕೆ ಒರೆಸುತ್ತ, ಅದೇ ರೆಕ್ಕೆಯ ನೆರಳಲ್ಲಿ ಒಬ್ಬನೇ ಬುತ್ತಿ ಬಿಚ್ಚುತ್ತ ಬಂದಿದ್ದ. "ಮಾವಾ, ಊಟ ಆಯ್ತಾ?" ಎಂದು ಕೇಳುತ್ತಿದ್ದವಳು ಈ ವರ್ಷ ಸೇರಿದ ಹುಡುಗಿ ಒಬ್ಬಳೇ.

ಯಾರೂ ಸಾಯಬಾರದು. ಅದನ್ನು ಅವನು ಹತ್ತು ಸಲ ಯೋಚಿಸಿದ್ದ. ಮೂಗಿನ ಚಕ್ರದ ಬೋಲ್ಟನ್ನು ಇಷ್ಟೇ ಸಡಿಲಿಸಿದರೆ ಮೂರು ಇಳಿತ ತಡೆಯುತ್ತದೆ, ನಾಲ್ಕನೆಯದಕ್ಕೆ ಮಡಚಿಕೊಳ್ಳುತ್ತದೆ. ಮೂರು ಸಲ ಚೆನ್ನಾಗಿ ಇಳಿದ ವಿಮಾನಕ್ಕೆ ಮೆಕ್ಯಾನಿಕ್‌ನನ್ನು ಯಾರು ಕೇಳುತ್ತಾರೆ? ಹುಡುಗಿ ಹೊಸಬಳು, ಇಳಿಸುವಾಗ ಮೇಷ್ಟ್ರ ಕೈಯೂ ಸ್ಟೀರಿಂಗ್ ಮೇಲಿರುತ್ತದೆ. ಆ ಪಳಗಿದ ಕೈ ಇಬ್ಬರ ಜೀವ ಉಳಿಸುತ್ತದೆ, ಮೇಷ್ಟ್ರ ಲೈಸೆನ್ಸ್ ಮಾತ್ರ ಹೋಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಬೆಳಿಗ್ಗೆ ಅವನು ಚಕ್ರದಡಿ ಮಲಗಿದ್ದಾಗ ಮೇಷ್ಟ್ರ ಬೂಟುಗಳು ಪಕ್ಕದಲ್ಲಿ ನಿಂತವು. "ಏನಪ್ಪಾ, ಇದನ್ನೇ ಮದುವೆ ಆಗಿದೀಯಾ? ಬಿಟ್ಟು ಏಳೋದೇ ಇಲ್ವಲ್ಲ!" ಎಂದು ನಕ್ಕು, ಸಾಮಾನಿನ ಪೆಟ್ಟಿಗೆಯಿಂದ ಏನೋ ಕೇಳಿದರು. ಅವನ ಜೀವವೆಲ್ಲ ಬೋಲ್ಟಿನಲ್ಲಿತ್ತು. ತಡವಿ ಕೊಟ್ಟ.

ಒಂದು. ಎರಡು. ಮೂರು. ಮೂರನೆಯ ಸಲ ಇಳಿದ ವಿಮಾನ ರನ್‌ವೇ ತುದಿಯಲ್ಲಿ ನಿಂತಿತು. ಮೇಷ್ಟ್ರು ಕೆಳಗಿಳಿದು ಬಾಗಿಲು ಮುಚ್ಚಿದರು. ವಿಮಾನ ಮತ್ತೆ ಮೇಲೇರಿತು.

"ಮುಂಚೆ ಹೇಳಿದ್ರೆ ಹೆದರ್ತಾಳೆ ಅಂತ ಯಾರಿಗೂ ಹೇಳ್ಲಿಲ್ಲ," ಎನ್ನುತ್ತ ಅವರು ಶೆಡ್ಡಿನ ಕಡೆ ಬಂದರು. "ನೋಡು, ಒಬ್ಬಳೇ!"

ಮೆಕ್ಯಾನಿಕ್ ಅವರ ಕೈಯಿಂದ ವಾಕಿಟಾಕಿ ಕಿತ್ತುಕೊಂಡ. "ಮಗಳೇ, ಮಾವ ಮಾತಾಡ್ತಿರೋದು. ಮೂಗು ಎತ್ತೇ ಇಟ್ಕೋ. ಮುಂದಿನ ಚಕ್ರ ಕೊನೇವರೆಗೂ ತಾಗಿಸ್ಬೇಡಮ್ಮಾ!"

ವಿಮಾನ ಹಿಂದಿನ ಚಕ್ರಗಳ ಮೇಲೆ ಬಹಳ ದೂರ ಓಡಿತು. ವೇಗ ಸತ್ತ ಮೇಲೆ ಮೂಗು ಕುಸಿದು, ಪ್ರೊಪೆಲ್ಲರ್ ನೆಲ ಕೆರೆದು ನಿಂತಿತು. ಹುಡುಗಿ ತಾನೇ ಇಳಿದು ಇತ್ತ ಕೈ ಬೀಸಿದಳು.

"ಆ ಚಕ್ರ ಮುರಿಯುತ್ತೆ ಅಂತ ನಿನಗೆ ಹೇಗೆ ಗೊತ್ತಾಯ್ತು?" ಮೇಷ್ಟ್ರ ದನಿ ತೀರ ಮೆಲ್ಲಗಿತ್ತು. ಅವನು ಅವರ ಜೇಬಿನಿಂದ ಇಣುಕುತ್ತಿದ್ದುದನ್ನೇ ನೋಡುತ್ತಿದ್ದ. ಅದು ಹುಡುಗಿಯ ಅಂಗಿ ಕತ್ತರಿಸಲೆಂದು ಇಟ್ಟುಕೊಂಡ ಅವನದೇ ಕತ್ತರಿ. ಹನ್ನೊಂದು ವರ್ಷ ಆ ಗೋಡೆಯನ್ನು ನೋಡುತ್ತ ಬದುಕಿದವನು, ಬೆಳಿಗ್ಗೆ ಒಂದು ಕೈಯಲ್ಲಿ ಬೋಲ್ಟ್ ಸಡಿಲಿಸುತ್ತ ಇನ್ನೊಂದು ಕೈಯಿಂದ ಆ ಕತ್ತರಿಯನ್ನು ಎತ್ತಿ ಕೊಟ್ಟಿದ್ದ. ಆಗ ಎರಡು ಕೈಯೂ ನಡುಗಿರಲಿಲ್ಲ.