ಉಪ್ಪಿನ ದೋಣಿಗಳ ಊರು

ನೈರೋಬಿಯ ಕನ್ನಡಿಗರಲ್ಲಿ ಜರ್ಮನಿಯ ಬವೇರಿಯಾವನ್ನು ನನ್ನಷ್ಟು ಅರೆದು ಕುಡಿದವರು ಇನ್ನೊಬ್ಬರಿಲ್ಲ. ಮಾತ್ರೆ ಪ್ಯಾಕ್ ಮಾಡುವ ಯಂತ್ರದ ಟ್ರೇನಿಂಗಿಗೆಂದು ಕಂಪನಿ ನನ್ನನ್ನು ಅಲ್ಲಿನ ರೋಸನ್‌ವೆರ್ತ್ ಎಂಬ ನದೀತೀರದ ಪುಟ್ಟ ಊರಿಗೆ ಕಳಿಸಿತ್ತು. ಇದ್ದದ್ದು ಒಂಬತ್ತು ದಿನ. ಭಾರ್ಗವಿಗೆ ಹೇಳುವಾಗ ಅದು ಒಂಬತ್ತು ತಿಂಗಳಾಯಿತು.

ಭಾರ್ಗವಿ ಮೈಸೂರಿನವಳು, ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯ ಎನ್‌ಜಿಒ ಒಂದರಲ್ಲಿ ಕೆಲಸ. 2014ರ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪಕ್ಕದಲ್ಲಿ ಸಿಕ್ಕಳು. ಆಮೇಲೆ ಪ್ರತಿ ಶನಿವಾರ ಸೌತ್ ಸಿ ಬಡಾವಣೆಯ ನಮ್ಮ ಮನೆ ಹತ್ತಿರದ ಕೆಫೆ. ಅವಳ ಕಣ್ಣರಳಿದರೆ ಆರಿದ ಚಹಾ ತಾನಾಗಿ ಬಿಸಿಯಾಗುತ್ತಿತ್ತು, ನಾನೇ ಸಾಕ್ಷಿ. ವಾರಕ್ಕೆ ಏಳೇ ದಿನ ಅನ್ನುವುದು ಶುದ್ಧ ಸುಳ್ಳು. ಶನಿವಾರದಿಂದ ಶನಿವಾರಕ್ಕೆ ನಾನು ಎಣಿಸಿದ್ದು ನಲವತ್ತು.

ಆ ಕಣ್ಣುಗಳಿಗಾಗಿ ರೋಸನ್‌ವೆರ್ತ್‌ನ ಚರಿತ್ರೆಯನ್ನೆಲ್ಲ ಸುರಿದೆ. ಹೊಳೆಯ ಹರಿವಿಗೆ ಎದುರಾಗಿ ಉಪ್ಪಿನ ದೋಣಿಗಳನ್ನು ಎಳೆದ ಕುದುರೆಗಳು, ಪ್ರವಾಹದ ನೀರು ಏರಿದ ಎತ್ತರಕ್ಕೆ ಗೆರೆ ಕೊರೆದು ಇಸವಿ ಕೆತ್ತಿದ ಊರಬಾಗಿಲು. ನಿಜ ಮುಗಿದಾಗ ಸ್ವಂತ ಸರಕು ತೆಗೆದೆ. ಅಲ್ಲೊಂದು ಗೆರೆ ನೀರಿನದಲ್ಲ, ದೋಣಿಯವನ ಕೈಹಿಡಿದು ಊರು ಬಿಟ್ಟ ಮಗಳ ಎತ್ತರವನ್ನು ಅಪ್ಪ ಕೆತ್ತಿಟ್ಟದ್ದು, ಎಂದೆ. ಭಾರ್ಗವಿ ಕಪ್ಪು ಕೆಳಗಿಡುವುದನ್ನೇ ಮರೆತಳು.

ಮಾರ್ಚ್‌ನಲ್ಲಿ ಅವಳಿಗೆ ಅದೇ ಬವೇರಿಯಾದ ಮ್ಯೂನಿಕ್‌ಗೆ ವರ್ಗವಾಯಿತು. ಏರ್‌ಪೋರ್ಟಿಗೆ ಹೊರಟವಳು ಕೆಫೆ ಎದುರು ಟ್ಯಾಕ್ಸಿ ನಿಲ್ಲಿಸಿ ಬಂದು ನನ್ನೆದುರು ಕೂತಳು. ಟಿಶ್ಯೂ, ಪೆನ್ನು ನನ್ನತ್ತ ತಳ್ಳಿ, ಆ ಮಗಳ ಗೆರೆ ಎಲ್ಲಿದೆ ಬರೆದುಕೊಡಿ, ಮೊದಲ ಭಾನುವಾರವೇ ಹೋಗಿ ನೋಡುತ್ತೇನೆ ಎಂದಳು.

ಮೌಂಟ್ ಕೆನ್ಯಾವನ್ನಾದರೂ ಎತ್ತಿಬಿಡುತ್ತಿದ್ದೆ, ಆ ಪೆನ್ನು ಎತ್ತಲಾಗಲಿಲ್ಲ.

"ಗೆರೆ ಇಲ್ಲ ಭಾರ್ಗವಿ. ಮಗಳೂ ಇಲ್ಲ. ಎಲ್ಲ ನಾನೇ ಕಟ್ಟಿದ್ದು."

"ಗೊತ್ತು. ಜನವರೀಲೇ ಅಲ್ಲಿನ ಮ್ಯೂಸಿಯಮ್‌ಗೆ ಮೇಲ್ ಹಾಕಿ ಕೇಳಿದ್ದೆ."

"ಮತ್ತೆ ಇಷ್ಟು ಶನಿವಾರ ಯಾಕೆ ಬಂದ್ರಿ?"

ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಯಾಕೆ ಕಟ್ಟಿದ್ರಿ ಅಂತ ಇವತ್ತಾದ್ರೂ ಹೇಳ್ತೀರೇನೋ ಅಂತ."

"ಕಥೆ ಮುಗಿದ ತಕ್ಷಣ ನೀವು ಬ್ಯಾಗ್ ಎತ್ಕೋತಿದ್ರಿ. ಅದಕ್ಕೆ."

ಟ್ಯಾಕ್ಸಿಯವನು ಹಾರ್ನ್ ಒತ್ತಿದ. ಅವಳು ಎದ್ದು ಬಾಗಿಲವರೆಗೆ ಹೋದಳು. ತಿರುಗಿದಾಗ ಕಣ್ಣು ಒದ್ದೆ.

"ಎರಡು ವರ್ಷದ ಕಾಂಟ್ರಾಕ್ಟ್, ಯೋಗೀಶ್. ಕಾಯ್ತೀರಾ?"

ಇನ್ನೂರು ವರ್ಷ, ಹಿಂದೂ ಮಹಾಸಾಗರ ಬತ್ತುವವರೆಗೆ, ಸೂರ್ಯ ಆರುವವರೆಗೆ... ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು.

"ಕಾಯ್ತೀನಿ," ಎಂದೆ.